ಜೈಲಿನೊಳಗೆ ಆರೈಕೆ ಯಾರ ಕೆಲಸ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ಸಭೆಗಳಲ್ಲಿ ನೀವು ವರದಕ್ಷಿಣೆಯ ಬಗ್ಗೆ, ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ, ಪೊಲೀಸು ಕೋರ್ಟುಗಳ ಬಗ್ಗೆ ಬೇಕಾದಷ್ಟು ಕೇಳಿದ್ದೀರಿ. ಇವತ್ತು ನಾನು ಜೈಲಿನ ಬಗ್ಗೆ ಮಾತಾಡಬೇಕೆಂದಿದ್ದೇನೆ. ಜೈಲೆಂದರೆ ನಮ್ಮ ಹೋರಾಟ ಮುಗಿಯುವ ಜಾಗ ಎಂದು ನಾವು ತಿಳಿದಿದ್ದೇವೆ. ತಪ್ಪಿತಸ್ಥರು ಒಳಗೆ ಹೋದರು, ಬಾಗಿಲು ಮುಚ್ಚಿತು, ನಾವು ನಮ್ಮ ನಮ್ಮ ಊರಿನ ಬಸ್ಸು ಹತ್ತಿದೆವು. ಆ ಬಾಗಿಲಿನ ಆಚೆ ದಿನವೂ ನಡೆಯುವ ಒಂದು ಕೆಲಸವಿದೆ. ನಡೆಯಲಾಗದ ಕೈದಿಯನ್ನು, ಕಣ್ಣು ಕಾಣದ ಕೈದಿಯನ್ನು, ಬುದ್ಧಿ ಭ್ರಮಣೆಯಾದ ಕೈದಿಯನ್ನು ಇನ್ನೊಬ್ಬ ಕೈದಿ ನೋಡಿಕೊಳ್ಳುವ ಕೆಲಸ. ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳಿದವಳು. ನಿವೃತ್ತಿಯಾದ ಮೇಲೆ ಸುಮಾರು ಮೂರು ವರ್ಷ, ವಾರಕ್ಕೊಂದು ದಿನ, ಒಂದು ಜೈಲಿನ ಹೆಂಗಸರ ವಿಭಾಗಕ್ಕೆ ಅಕ್ಷರ ಕಲಿಸಲು ಹೋಗುತ್ತಿದ್ದೆ. ಅಲ್ಲಿ ಒಬ್ಬ ಅಜ್ಜಿ ಇದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ಸೊಸೆಯ ಸಾವಿನ ಕೇಸು. ಒಳಗೆ ಬಂದ ಮೇಲೆ ಲಕ್ವ ಹೊಡೆದು ಬಲಗೈ ಬಲಗಾಲು ಸ್ವಾಧೀನ ತಪ್ಪಿತ್ತು. ಮಾತು ತೊದಲುತ್ತಿತ್ತು. ಅವರನ್ನು ನೋಡಿಕೊಳ್ಳುತ್ತಿದ್ದವಳು ಇಪ್ಪತ್ತಾರು ಇಪ್ಪತ್ತೇಳರ ಹೆಂಗಸು. ಅವಳ ಮೇಲೆ ಗಂಡನ ಕೊಲೆಯ ಕೇಸಿತ್ತು. ಕುಡಿದು ಬಂದು ಹೊಡೆಯುತ್ತಿದ್ದ ಗಂಡ. ಒಂದು ರಾತ್ರಿ ಅವಳ ಕೈಗೆ ಒನಕೆ ಸಿಕ್ಕಿತು.

ಅವಳು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ಕಕ್ಕಸಿನ ಮುಂದೆ ಸಾಲು ಬೆಳೆಯುವ ಮೊದಲೇ ಅಜ್ಜಿಯನ್ನು ಎತ್ತಿಕೊಂಡು ಹೋಗಬೇಕಿತ್ತು. ಕುಕ್ಕರುಗಾಲಲ್ಲಿ ಕೂರಲು ಅಜ್ಜಿಯ ಕೈಲಿ ಆಗುತ್ತಿರಲಿಲ್ಲ. ಸೀಟು ಒಡೆದುಹೋದ ಒಂದು ಪ್ಲಾಸ್ಟಿಕ್ ಕುರ್ಚಿ ಹುಡುಕಿ, ಕೆಳಗೆ ಬಕೆಟ್ ಇಟ್ಟು, ಅದನ್ನೇ ಕಮೋಡು ಮಾಡಿದ್ದಳು. ಮೈ ತೊಳೆಯುವುದು, ಸೀರೆ ಸುತ್ತುವುದು, ಎಡಗೈಯಲ್ಲಿ ತಿನ್ನಲು ಕಲಿಸುವುದು, ಬೆನ್ನು ಹುಣ್ಣಾಗದಂತೆ ರಾತ್ರಿ ಎದ್ದು ಮಗ್ಗುಲು ಬದಲಿಸುವುದು, ಎಲ್ಲವೂ ಅವಳದೇ. ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ. "ನಮ್ಮತ್ತೆಗೂ ಹಿಂಗೇ ಮಾಡ್ತಿದ್ದೆ ಟೀಚರ್. ಕೈ ಅದನ್ನ ಕಲ್ತುಬಿಟ್ಟೈತೆ" ಅಂದಳು.

ಹೊಲಿಗೆ ಮಾಡುವವರಿಗೆ, ಅಡುಗೆಗೆ ಹೋಗುವವರಿಗೆ ಅಲ್ಲಿ ಕೂಲಿ ಬರೆದುಕೊಳ್ಳುತ್ತಿದ್ದರು. ಇವಳ ಹೆಸರು ಆ ಪುಸ್ತಕದಲ್ಲಿರಲಿಲ್ಲ. ಯಾಕೆಂದು ನಾನು ಕಚೇರಿಯಲ್ಲಿ ವಿಚಾರಿಸಿದಾಗ ಬಂದ ಉತ್ತರ: "ಅದು ಕೆಲಸ ಅಲ್ಲ ಮೇಡಂ, ಮಾನವೀಯತೆ." ಹೇಳಿದವರು ಕೆಟ್ಟ ಮನುಷ್ಯರೇನಲ್ಲ. ನಮ್ಮ ಮನೆಗಳಲ್ಲಿ ಗಂಡಸರು ಹೇಳುವುದನ್ನೇ ಅವರೂ ಹೇಳಿದರು. ಅತ್ತೆಯ ಮಲ ಮೂತ್ರ ಬಳಿಯುವ ಸೊಸೆಯನ್ನು ಏನು ಕೆಲಸ ಮಾಡುತ್ತೀಯಮ್ಮ ಎಂದು ಕೇಳಿ ನೋಡಿ, "ಮನೇಲೇ ಇದ್ದೀನಿ" ಅನ್ನುತ್ತಾಳೆ.

ಆ ಮಾತು ನನ್ನನ್ನು ಓದಲು ಕೂರಿಸಿತು. ಬೇರೆ ಕಡೆ ಇದನ್ನು ಹೇಗೆ ಮಾಡಿದ್ದಾರೆ ಎಂದು ಹುಡುಕಿದೆ. ಸಿಕ್ಕವುಗಳಲ್ಲಿ ಒಂದೆರಡನ್ನು ನಿಮ್ಮ ಮುಂದಿಡುತ್ತೇನೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸ್ಯಾನ್ ಲೂಯಿಸ್ ಒಬಿಸ್ಪೋ ಎಂಬ ಊರಿದೆ. ಅಲ್ಲಿನ ಗಂಡಸರ ಜೈಲಿಗೆ ಕ್ಯಾಲಿಫೋರ್ನಿಯಾ ಮೆನ್ಸ್ ಕಾಲೊನಿ ಎಂದು ಹೆಸರು. ಆ ರಾಜ್ಯ 1994ರಲ್ಲಿ, ಹಿಂದೆ ಎರಡು ಘೋರ ಅಪರಾಧ ಮಾಡಿದವನು ಮೂರನೆಯ ಸಲ ಸಿಕ್ಕಿಬಿದ್ದರೆ ಇಪ್ಪತ್ತೈದು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಎಂಬ ಕಾನೂನು ತಂದಿತು. ಇಂಥ ದೀರ್ಘ ಶಿಕ್ಷೆಗಳ ಫಲವಾಗಿ ಜೈಲಿನೊಳಗೇ ಜನ ಮುದುಕರಾದರು. ಮುಪ್ಪಿನ ಜೊತೆ ಮರೆವಿನ ರೋಗ, ಅಂದರೆ ಡಿಮೆನ್ಷಿಯಾ ಬಂತು. ನನ್ನ ಅತ್ತೆಗೂ ಕೊನೆಯ ನಾಲ್ಕು ವರ್ಷ ಈ ರೋಗವಿತ್ತು. ಉಂಡದ್ದು ಮರೆತು ಮತ್ತೆ ಊಟ ಕೇಳುತ್ತಾರೆ. ಬಚ್ಚಲ ದಾರಿ ಮರೆಯುತ್ತಾರೆ. ಮೈ ಮುಟ್ಟಿದರೆ ಯಾರೋ ಹೊಡೆಯಲು ಬಂದರೆಂದು ಕಿರುಚುತ್ತಾರೆ. ಮನೆಯಲ್ಲೇ ಇಷ್ಟು ಕಷ್ಟವಾದರೆ ಜೈಲಿನಲ್ಲಿ ಹೇಗಿರಬಹುದು! ಅಲ್ಲಿ ಅಪ್ಪಣೆ ಮರೆತವನು ಅಪ್ಪಣೆ ಮೀರಿದವನಾಗುತ್ತಾನೆ. ಬೇರೆಯವನ ಹಾಸಿಗೆಯ ಮೇಲೆ ತಿಳಿಯದೆ ಕೂತರೆ ಏಟು ಬೀಳುತ್ತದೆ. ಅವನ ತಟ್ಟೆಯ ಊಟವನ್ನು ಇನ್ನೊಬ್ಬ ಕಿತ್ತುಕೊಂಡರೆ ಹೇಳಲೂ ಬಾರದು.

ಆ ಜೈಲಿನಲ್ಲಿ 2009ರಲ್ಲಿ ಒಂದು ಏರ್ಪಾಡು ಆರಂಭಿಸಿದರು. ಹಲವು ವರ್ಷ ಗಲಾಟೆಯಿಲ್ಲದೆ ನಡೆದುಕೊಂಡ ಕೈದಿಗಳನ್ನು ಆರಿಸಿ, ಮರೆವಿನ ರೋಗದ ಕೈದಿಗಳ ಆರೈಕೆಗೆ ನೇಮಿಸಿದರು. ಉಳಿದ ಕೈದಿಗಳದು ನೀಲಿ ಬಟ್ಟೆ; ಇವರಿಗೆ ಹಳದಿ ಅಂಗಿ. ಅದರಿಂದಲೇ ಅವರಿಗೆ 'ಗೋಲ್ಡ್ ಕೋಟ್' ಎಂಬ ಹೆಸರು ಬಂತು. ಅಲ್ಜೈಮರ್ ರೋಗಿಗಳ ಪರವಾಗಿ ಕೆಲಸ ಮಾಡುವ ಸಂಸ್ಥೆಯೊಂದು ಬಂದು ತರಬೇತಿ ಕೊಟ್ಟಿತು, ಓದಲು ಕೈಪಿಡಿ ಕೊಟ್ಟಿತು. ಈ ರೋಗಿ ಯಾಕೆ ಹೀಗೆ ಆಡುತ್ತಾನೆ, ಅವನೊಡನೆ ವಾದ ಮಾಡದೆ ಸಮಾಧಾನಪಡಿಸುವುದು ಹೇಗೆ ಎಂಬುದನ್ನು ಕಲಿಸಿತು. ಸ್ನಾನ, ಕ್ಷೌರ, ಬಟ್ಟೆ ಬದಲಿಸುವುದು, ಊಟಕ್ಕೆ ಕರೆದೊಯ್ಯುವುದು, ಊಟ ಕಸಿಯಲು ಬಂದವರನ್ನು ತಡೆಯುವುದು, ರೋಗಿಯಲ್ಲಿ ಏನಾದರೂ ಬದಲಾವಣೆ ಕಂಡರೆ ವೈದ್ಯರಿಗೆ ತಿಳಿಸುವುದು ಇವರ ಕೆಲಸ. 2012ರ ಪತ್ರಿಕಾ ವರದಿಯ ಪ್ರಕಾರ ಇವರಿಗೆ ತಿಂಗಳಿಗೆ 50 ಡಾಲರ್ ಕೂಲಿ. ಹೊರಗಿನ ಲೆಕ್ಕಕ್ಕೆ ಅದು ಏನೂ ಅಲ್ಲ. ಆದರೂ ಅದು ಕೂಲಿ, ದಾನವಲ್ಲ. ಇವರಲ್ಲಿ ಹಲವರು ಕೊಲೆ ಮಾಡಿ ಬಂದವರು ಎಂಬುದನ್ನೂ ಹೇಳಬೇಕು.

ಅದೇ ದೇಶದ ಲೂಸಿಯಾನ ರಾಜ್ಯದಲ್ಲಿ ಆಂಗೋಲ ಎಂಬ ದೊಡ್ಡ ಜೈಲಿದೆ. ಜೀವಾವಧಿ ಶಿಕ್ಷೆಯವರೇ ಹೆಚ್ಚು. ಅವರಲ್ಲಿ ಬಹಳ ಮಂದಿ ಅಲ್ಲೇ ಸಾಯುತ್ತಾರೆ. ಅಲ್ಲಿ 1998ರಲ್ಲಿ, ಸಾವು ಹತ್ತಿರವಾದ ಕೈದಿಗಳನ್ನು ಸಹಕೈದಿಗಳೇ ನೋಡಿಕೊಳ್ಳುವ ವ್ಯವಸ್ಥೆ ಆರಂಭವಾಯಿತು. ಕೊನೆಯ ದಿನಗಳಲ್ಲಿ ಸರದಿಯ ಮೇಲೆ ಪಕ್ಕದಲ್ಲಿ ಕೂರುತ್ತಾರೆ, ಒಬ್ಬಂಟಿಯಾಗಿ ಸಾಯಲು ಬಿಡುವುದಿಲ್ಲ. ನಮ್ಮ ಹೆಂಗಸರು ಹೊಲಿಯುವ ಕೌದಿಯಂಥ ಹೊದಿಕೆಗಳನ್ನೂ ಆ ಗಂಡಸರು ಹೊಲಿಯುತ್ತಾರೆ.

ಇಷ್ಟು ಕೇಳಿದರೆ ಎಲ್ಲವೂ ಚೆನ್ನಾಗಿದೆ ಅನ್ನಿಸುತ್ತದೆ. ಈ ವ್ಯವಸ್ಥೆಯಲ್ಲಿ ಅಪಾಯವೂ ಇದೆ. ಒಬ್ಬ ಅಸಹಾಯಕನನ್ನು ಇನ್ನೊಬ್ಬನ ಕೈಗೆ ಪೂರ್ತಿಯಾಗಿ ಒಪ್ಪಿಸಿದರೆ ಏನಾಗಬಹುದೆಂದು ನಮಗೆ ಬೇರೆಯವರು ಹೇಳಬೇಕಿಲ್ಲ, ನಾವು ಅಡುಗೆಮನೆಯೊಳಗೇ ಅದನ್ನು ಕಂಡವರು. ನೆರವಾಗುವವನು ದಣಿಯಾಗಬಹುದು. ಔಷಧಿ ಕದಿಯಬಹುದು, ಊಟಕ್ಕೆ ಬೆಲೆ ಕೇಳಬಹುದು, ಮೈ ಮುಟ್ಟಬಾರದ ಕಡೆ ಮುಟ್ಟಬಹುದು. ನಮ್ಮ ದೇಶದಲ್ಲಿ ಬ್ರಿಟಿಷರು 1894ರ ಕಾರಾಗೃಹ ಕಾಯಿದೆಯಲ್ಲಿ ಕೈದಿಗಳನ್ನೇ ಜೈಲಿನ ಅಧಿಕಾರಿಗಳಾಗಿ ನೇಮಿಸಲು ದಾರಿ ಮಾಡಿದ್ದರು. ಕೈದಿಯ ಮೇಲೆ ಕೈದಿಯನ್ನು ಕಾವಲಿಟ್ಟರೆ ಸರ್ಕಾರಕ್ಕೆ ಖರ್ಚು ಕಡಿಮೆ. ಬಡ ಕೈದಿಗಳಿಗೆ ಮಾತ್ರ ಇಬ್ಬರು ಯಜಮಾನರಾದರು.

ಆದ್ದರಿಂದಲೇ ವಿಶ್ವಸಂಸ್ಥೆ 2015ರಲ್ಲಿ ಪರಿಷ್ಕರಿಸಿದ ಕೈದಿಗಳ ಕನಿಷ್ಠ ನಿಯಮಗಳಲ್ಲಿ ಎರಡು ಮಾತು ಸ್ಪಷ್ಟವಾಗಿವೆ. ಅಂಗವಿಕಲ ಕೈದಿಗೆ ಬೇಕಾದ ಅನುಕೂಲ ಮಾಡಿಕೊಡುವುದು ಜೈಲು ಆಡಳಿತದ ಹೊಣೆ. ಇನ್ನೊಂದು, ಯಾವ ಕೈದಿಗೂ ಇನ್ನೊಬ್ಬ ಕೈದಿಯನ್ನು ಶಿಕ್ಷಿಸುವ ಅಧಿಕಾರ ಕೊಡಬಾರದು. ಇಂಗ್ಲೆಂಡಿನಲ್ಲಿ ಅದೇ 2015ರಲ್ಲಿ ಬಂದ ಸೂಚನೆ ಇನ್ನೂ ಒಂದು ಗೆರೆ ಎಳೆಯಿತು. ಸಹಾಯಕ ಕೈದಿ ಗಾಲಿಕುರ್ಚಿ ತಳ್ಳಬಹುದು, ಊಟ ತಂದುಕೊಡಬಹುದು, ಕೋಣೆ ಗುಡಿಸಬಹುದು. ಮೈ ತೊಳೆಯುವಂಥ ಗುಪ್ತ ಆರೈಕೆಯನ್ನು ಕೈದಿಗಳಿಂದ ಮಾಡಿಸಬಾರದು, ಅದಕ್ಕೆ ಹೊರಗಿನ ತರಬೇತಾದ ಸಿಬ್ಬಂದಿಯೇ ಬರಬೇಕು. ಕ್ಯಾಲಿಫೋರ್ನಿಯಾದವರು ಒಂದು ರೀತಿ ಮಾಡಿದರು, ಇಂಗ್ಲೆಂಡಿನವರು ಇನ್ನೊಂದು ರೀತಿ. ಎರಡೂ ಕಡೆ ಇದನ್ನು ಒಂದು ಕೆಲಸವೆಂದು ಒಪ್ಪಿದ್ದಾರೆ, ಯಾರು ಎಷ್ಟು ಮಾಡಬೇಕೆಂದು ಬರೆದಿಟ್ಟಿದ್ದಾರೆ.

ವಿಶ್ವಸಂಸ್ಥೆಯ ಆ ನಿಯಮಗಳಿಗೆ ನೆಲ್ಸನ್ ಮಂಡೇಲಾ ಅವರ ಹೆಸರಿದೆ. ಅವರು ಇಪ್ಪತ್ತೇಳು ವರ್ಷ ಸೆರೆಯಲ್ಲಿದ್ದವರು. ರಾಬೆನ್ ದ್ವೀಪದ ಜೈಲಿನಲ್ಲಿ ಅವರೊಂದಿಗಿದ್ದ ಎಡ್ಡಿ ಡೇನಿಯಲ್ಸ್ ಒಂದು ವಿಷಯವನ್ನು ಮತ್ತೆ ಮತ್ತೆ ನೆನೆಯುತ್ತಿದ್ದರು. ಡೇನಿಯಲ್ಸ್ ಕಾಯಿಲೆಯಿಂದ ಮಲಗಿದ್ದಾಗ ಮಂಡೇಲಾ ಬಂದು, ಅವರ ಮಲ ಮೂತ್ರದ ಬಕೆಟ್ಟನ್ನು ತಾವೇ ಎತ್ತಿಕೊಂಡು ಹೋಗಿ, ತೊಳೆದು ತಂದಿಟ್ಟರು. ಮುಂದೆ ದೇಶದ ಅಧ್ಯಕ್ಷರಾದ ಮನುಷ್ಯನ ಈ ಕೆಲಸವನ್ನು ಎಲ್ಲರೂ ಕೊಂಡಾಡುತ್ತಾರೆ, ಕೊಂಡಾಡಬೇಕಾದ್ದೇ. ಅದೇ ಬಕೆಟ್ಟನ್ನು ದಿನವೂ ಎತ್ತುವ ಹೆಂಗಸನ್ನು ಯಾರು ನೆನೆಯುತ್ತಾರೆ?

ಈಗ ನಮ್ಮ ದೇಶಕ್ಕೆ ಬರೋಣ. ಸ್ಟ್ಯಾನ್ ಸ್ವಾಮಿ ಎಂಬ ಪಾದ್ರಿಯ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಒಂದು ಕಾಲದಲ್ಲಿ ನಮ್ಮ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಇದ್ದವರು. 2020ರ ಅಕ್ಟೋಬರಿನಲ್ಲಿ ಬಂಧನವಾದಾಗ ಅವರಿಗೆ 83 ವರ್ಷ. ಪಾರ್ಕಿನ್ಸನ್ ರೋಗದಿಂದ ಕೈ ನಡುಗುತ್ತಿತ್ತು, ಲೋಟ ಹಿಡಿಯಲು ಆಗುತ್ತಿರಲಿಲ್ಲ. ಒಂದು ಹೀರುಗೊಳವೆಯ ಲೋಟಕ್ಕಾಗಿ ಅವರು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಅದು ಕೈಸೇರಲು ವಾರಗಳು ಹಿಡಿದವು. ತಳೋಜ ಜೈಲಿನಲ್ಲಿ ಅವರನ್ನು ನೋಡಿಕೊಂಡವರು ಸಹಕೈದಿಗಳು. ಅರುಣ್ ಫೆರೇರಾ ಊಟಕ್ಕೆ ನೆರವಾದರು, ವೆರ್ನಾನ್ ಗೊನ್ಸಾಲ್ವಿಸ್ ಸ್ನಾನಕ್ಕೆ. ರಾತ್ರಿ ಊಟ ಮಾಡಿಸುವುದು, ಬಟ್ಟೆ ಒಗೆಯುವುದು, ಮಂಡಿ ತಿಕ್ಕುವುದು ಕೋಣೆಯ ಇಬ್ಬರು ಬಡ ಕೈದಿಗಳ ಪಾಲಿಗೆ. ಇದನ್ನು ಸ್ವಾಮಿಯವರೇ ಪತ್ರದಲ್ಲಿ ಬರೆದಿದ್ದಾರೆ. ಜಾಮೀನು ಸಿಗದೆಯೇ 2021ರ ಜುಲೈ 5ರಂದು ಮುಂಬೈಯ ಆಸ್ಪತ್ರೆಯಲ್ಲಿ ತೀರಿಕೊಂಡರು. ದೆಹಲಿಯ ಅಧ್ಯಾಪಕ ಜಿ. ಎನ್. ಸಾಯಿಬಾಬಾ ಅವರದೂ ಇದೇ ಕಥೆ. ಪೋಲಿಯೊದಿಂದ ಕಾಲು ಕಳೆದುಕೊಂಡು ಗಾಲಿಕುರ್ಚಿಯಲ್ಲಿದ್ದ ಅವರನ್ನು ನಾಗಪುರ ಜೈಲಿನಲ್ಲಿ ಶೌಚಕ್ಕೂ ಸ್ನಾನಕ್ಕೂ ಸಹಕೈದಿಗಳು ಎತ್ತಿಕೊಂಡು ಹೋಗಬೇಕಿತ್ತು. 2024ರ ಮಾರ್ಚಿನಲ್ಲಿ ಹೈಕೋರ್ಟು ಅವರನ್ನು ನಿರ್ದೋಷಿ ಎಂದು ಬಿಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು.

ಇವರು ಓದಿದವರು, ಪತ್ರ ಬರೆಯಬಲ್ಲವರು, ವಕೀಲರಿದ್ದವರು. ಆದ್ದರಿಂದ ನಮಗೆ ತಿಳಿಯಿತು. ಹೆಬ್ಬೆಟ್ಟು ಒತ್ತುವ ಅಜ್ಜಿಯ ಪತ್ರ ಯಾರು ಬರೆಯುತ್ತಾರೆ? ಸರ್ಕಾರದ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಸುಮಾರು 5 ಲಕ್ಷ 73 ಸಾವಿರ ಜನರಿದ್ದರು. ಹೆಣ್ಣುಮಕ್ಕಳು 23 ಸಾವಿರದ ಮೇಲೆ, ಅಂದರೆ ನೂರಕ್ಕೆ ನಾಲ್ವರು. ಒಟ್ಟು ಕೈದಿಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು, ತಪ್ಪು ಸಾಬೀತಾಗದವರು. ವಿಚಾರಣಾಧೀನರಿಗೆ ದುಡಿಮೆಯ ಕಡ್ಡಾಯವಿಲ್ಲ. ಆದ್ದರಿಂದ ಕೂಲಿಯ ಪುಸ್ತಕದಲ್ಲಿ ಅವರ ಹೆಸರು ಬರುವುದೂ ಕಡಿಮೆ. ಆರೈಕೆಗೆ ಮಾತ್ರ ಅವರ ಕೈ ಬೇಕು.

ಕಾನೂನು ನಮ್ಮ ಪರವಾಗಿಯೇ ಇದೆ. ದುಡಿದ ಕೈದಿಗೆ ನ್ಯಾಯವಾದ ಕೂಲಿ ಕೊಡಬೇಕೆಂದು ಸುಪ್ರೀಂ ಕೋರ್ಟು 1998ರಲ್ಲೇ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ಜೈಲಿನ ಗೋಡೆಯ ಹೊರಗೆ ಮಾತ್ರ ಅನ್ವಯ ಎಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು, ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಿತು. ಮೇಲ್ಜಾತಿಯವರಿಗೆ ಅಡುಗೆ, ದಲಿತರಿಗೆ ಕಕ್ಕಸು ತೊಳೆಯುವುದು ಎಂದು ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಚ್ಚಾಗಿಯೇ ಇತ್ತು! ಆರೈಕೆಯ ಕೆಲಸಕ್ಕೂ ಈ ತೀರ್ಪು ಮುಖ್ಯ. ಮಲ ಬಳಿಯುವುದೆಂದ ಕೂಡಲೇ ಯಾರ ಕಡೆ ಬೆರಳು ತೋರಿಸುತ್ತಾರೆಂದು ನಿಮಗೆ ಗೊತ್ತು. 2025ರ ಜುಲೈಯಲ್ಲಿ, ಸ್ನಾಯು ಕ್ಷಯದ ರೋಗವಿದ್ದ ತಮಿಳುನಾಡಿನ ಒಬ್ಬ ವಕೀಲರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನಷ್ಟು ಬಿಡಿಸಿ ಹೇಳಿತು. ಕೈದಿ ಒಳಗೆ ಬರುವಾಗಲೇ ವೈಕಲ್ಯವನ್ನು ಗುರುತಿಸಿ ಬರೆದುಕೊಳ್ಳಬೇಕು, ಗಾಲಿಕುರ್ಚಿ ಹೋಗುವ ದಾರಿ, ಬಳಸಲು ಬರುವ ಕಕ್ಕಸು, ಚಿಕಿತ್ಸೆ ಇವನ್ನು ಒದಗಿಸಬೇಕು ಎಂದು ಆ ರಾಜ್ಯದ ಜೈಲುಗಳಿಗೆ ಆದೇಶಿಸಿತು.

ಇಷ್ಟು ಹೇಳಿದ ಮೇಲೆ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಇನ್ನೊಂದು ಸಭೆಯಲ್ಲಿ, ಮಗಳನ್ನು ಕಳೆದುಕೊಂಡ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಸೊಸೇನ ಸುಟ್ಟೋಳಿಗೆ ಸ್ನಾನ ಮಾಡ್ಸೋರು ಬೇರೆ ಬೇಕಾ ಅಮ್ಮಾ? ನನ್ನ ಮಗಳು ನೀರು ನೀರು ಅಂತ ಸತ್ಲು."

ಆ ತಾಯಿಗೆ ಅಲ್ಲೇ ಥಟ್ಟನೆ ಉತ್ತರ ಹೇಳುವುದು ಸುಲಭವಿರಲಿಲ್ಲ. ನಾನು ಅವರ ಪಕ್ಕಕ್ಕೆ ಹೋಗಿ ಕೂತೆ. ಆಮೇಲೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. 1983ರಲ್ಲಿ 498ಎ ಕಲಮು ಬಂತು, 1986ರಲ್ಲಿ ವರದಕ್ಷಿಣೆ ಸಾವಿಗೆ 304ಬಿ ಬಂತು. 2024ರ ಜುಲೈಯಿಂದ ಅವು ಹೊಸ ಸಂಹಿತೆಯಲ್ಲಿ 85 ಮತ್ತು 80ನೆಯ ಕಲಮುಗಳಾಗಿವೆ. ಇವುಗಳಿಗಾಗಿ ಎಷ್ಟೋ ಹೆಣ್ಣುಮಕ್ಕಳು ಬೀದಿಗಿಳಿದರು. ನಾವು ಕೇಳಿದ್ದು ಶಿಕ್ಷೆ. ವರದಕ್ಷಿಣೆ ಸಾವಿಗೆ ಕಾನೂನು ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ ಎಂದಿದೆ. ಮೂತ್ರದಲ್ಲಿ ನೆನೆದ ಹಾಸಿಗೆಯಲ್ಲಿ ಬಿದ್ದಿರಬೇಕು, ಬೆನ್ನಿನ ಹುಣ್ಣಿಗೆ ಹುಳ ಬೀಳಬೇಕು ಎಂದು ಯಾವ ನ್ಯಾಯಾಧೀಶರೂ ಬರೆಯುವುದಿಲ್ಲ. ಬರೆಯದ ಶಿಕ್ಷೆಯನ್ನು ಕೊಡಲು ಹೊರಟರೆ, ಕಾನೂನಿಲ್ಲದೆ ಹೆಂಡತಿಗೆ ಶಿಕ್ಷೆ ಕೊಡುವ ಗಂಡನಿಗೂ ನಮಗೂ ಏನು ವ್ಯತ್ಯಾಸ? ಇನ್ನೂ ಒಂದು ಮಾತು. ಆ ಅಜ್ಜಿಯನ್ನು ಯಾರೂ ನೋಡದೆ ಬಿಟ್ಟರೆ ಅದರ ಭಾರ ಬೀಳುವುದು ಯಾರ ಮೇಲೆ? ಪಕ್ಕದ ಚಾಪೆಯ ಮೇಲೆ ಮಲಗುವ, ಆ ನಾತದಲ್ಲಿ ಅನ್ನ ತಿನ್ನುವ, ಹೊಡೆತ ತಿಂದು ಬಂದ ನಮ್ಮದೇ ಹುಡುಗಿಯ ಮೇಲೆ. ಕೊನೆಗೆ ಅವಳೇ ಎದ್ದು ಮಾಡುತ್ತಾಳೆ, ಬಿಟ್ಟಿಯಾಗಿ.

ಆ ತಾಯಿ ಒಪ್ಪಿದರೆಂದು ನಾನು ಹೇಳಲಾರೆ. "ಆ ಹುಡುಗಿಗೆ ಕೂಲಿ ಕೊಡ್ಸಿ" ಎಂದಷ್ಟೇ ಅಂದರು. ನನಗೆ ಅಷ್ಟೇ ಸಾಕಿತ್ತು.

ಹಾಗಾದರೆ ಸಂಘದ ಹೆಂಗಸರು ಏನು ಮಾಡಬಹುದು?

ಒಂದು, ನಿಮ್ಮ ಊರಿನ ಯಾರಾದರೂ ಜೈಲಿಗೆ ಹೋದರೆ, ಅವರಿಗೆ ಕಿವಿ ಕೇಳಿಸದಿದ್ದರೆ, ಫಿಟ್ಸ್ ಬರುತ್ತಿದ್ದರೆ, ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ, ಅದನ್ನು ಮೊದಲ ದಿನವೇ ಬರವಣಿಗೆಯಲ್ಲಿ ಕೊಡಿ. ಅಂಗವೈಕಲ್ಯದ ಪ್ರಮಾಣಪತ್ರ, ಆಸ್ಪತ್ರೆಯ ಚೀಟಿ, ಕನ್ನಡಕ, ಊರುಗೋಲು ಮನೆಯಲ್ಲೇ ಉಳಿಯದಂತೆ ನೋಡಿ. ಕಿವಿ ಕೇಳದವಳು ಎಣಿಕೆಯ ಹೊತ್ತಿಗೆ ಹೆಸರು ಕೂಗಿದರೆ ಏಳುವುದಿಲ್ಲ. ಗೊತ್ತಿಲ್ಲದವರು ಅದನ್ನು ಕೊಬ್ಬು ಅನ್ನುತ್ತಾರೆ.

ಎರಡು, ಉಚಿತ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೆ, ಅಂಗವಿಕಲರಿಗೆ, ಸೆರೆಯಲ್ಲಿರುವವರಿಗೆ ಆದಾಯ ಎಷ್ಟೆಂದು ಕೇಳದೆ ನೆರವು ಕೊಡಬೇಕು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರು, ಕಾಯಿಲೆಯವರು, ಅಶಕ್ತರು ಇವರಿಗೆ ಗಂಭೀರ ಕೇಸಿನಲ್ಲೂ ಜಾಮೀನು ಕೊಡುವ ಅವಕಾಶ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 480ನೆಯ ಕಲಮಿನಲ್ಲಿದೆ. ವಕೀಲರಿಗೆ ನೆನಪಿಸಿ. ಆರೈಕೆ ಮಾಡಲಾಗದ ಜಾಗದಲ್ಲಿ ರೋಗಿಯನ್ನು ಇಡಬೇಡಿ ಎಂದು ಕೇಳುವುದೇ ಮೊದಲ ಆರೈಕೆ.

ಮೂರು, ನಾವೆಲ್ಲ ಸೇರಿ ಸರ್ಕಾರದ ಮುಂದೆ ಒಂದು ಬೇಡಿಕೆ ಇಡಬೇಕು. ಜೈಲಿನಲ್ಲಿ ಸಹಕೈದಿಯ ಆರೈಕೆ ಮಾಡುವವರನ್ನು ಅವರ ಒಪ್ಪಿಗೆ ಪಡೆದು, ಜಾತಿ ನೋಡದೆ ಆರಿಸಬೇಕು. ದಾದಿಯರಿಂದ ತರಬೇತಿ ಕೊಡಿಸಬೇಕು, ಕೈಗವಸು ಸಾಬೂನು ಕೊಡಬೇಕು, ಕೂಲಿ ಬರೆಯಬೇಕು, ವಾರದ ರಜೆ ಕೊಡಬೇಕು. ಆರೈಕೆ ಪಡೆಯುವವಳಿಗೆ ದೂರು ಹೇಳುವ ದಾರಿ ಇರಬೇಕು. ವೈದ್ಯರು ಮತ್ತು ದಾದಿಯರು ಮಾಡಬೇಕಾದ ಕೆಲಸವನ್ನು ಕೈದಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಾರದು. ಬಿಡುಗಡೆಯಾಗುವಾಗ ಇಷ್ಟು ತಿಂಗಳು ಈ ಕೆಲಸ ಮಾಡಿದ್ದಾಳೆ ಎಂಬ ಪತ್ರವನ್ನು ಅವಳ ಕೈಗೆ ಕೊಡಬೇಕು. ಹೊರಗೆ ಬಂದ ಹೆಂಗಸಿಗೆ ತವರೂ ಇಲ್ಲ, ಗಂಡನ ಮನೆಯೂ ಇಲ್ಲ. ಆಸ್ಪತ್ರೆಯಲ್ಲೋ ಮುದುಕರಿರುವ ಮನೆಯಲ್ಲೋ ಒಂದು ಕೆಲಸ ಸಿಕ್ಕಿದರೆ ಅವಳು ಬದುಕಿಕೊಳ್ಳುತ್ತಾಳೆ.

ನಾಲ್ಕು, ಅಂಥವಳು ನಿಮ್ಮ ಊರಿಗೆ ಹಿಂತಿರುಗಿ ಬಂದರೆ ನಿಮ್ಮ ಸಂಘದ ಪುಸ್ತಕದಲ್ಲಿ ಅವಳ ಹೆಸರು ಬರೆಯುತ್ತೀರಾ? ವಾರದ ಉಳಿತಾಯ ಅವಳ ಕೈಯಿಂದ ತೆಗೆದುಕೊಳ್ಳುತ್ತೀರಾ, ಅವಳಿಗೂ ಸಾಲ ಕೊಡುತ್ತೀರಾ? ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ. ಮುಂದಿನ ವಾರದ ಸಭೆಯಲ್ಲಿ ನೀವೇ ಚರ್ಚಿಸಿ ತೀರ್ಮಾನ ಬರೆಯಿರಿ.